ಟಿವಿಯ ಕೆಳಗೆ ಕೆಂಪು ಪುಡಿ

ಮಲೆನಾಡಿನ ಎಷ್ಟೋ ಮನೆಗಳಲ್ಲಿ ಗೋಡೆಯ ಟಿವಿಯ ನೇರ ಕೆಳಗೆ, ಸೆಟ್‌ಟಾಪ್ ಬಾಕ್ಸ್ ಇಟ್ಟ ಹಲಗೆಯ ಮೇಲೆ, ಒಂದು ಚಿಟಿಕೆ ಕೆಂಪು ಪುಡಿ ಬಿದ್ದಿರುತ್ತದೆ. ಗುಡಿಸಿ ತೆಗೆದರೆ ವಾರದೊಳಗೆ ಮತ್ತೆ ಅಷ್ಟೇ. ಒರಲೆ ಹತ್ತಿರಬೇಕು ಅನ್ನುತ್ತಾರೆ ಮನೆಯವರು, ಇಲ್ಲವೇ ಕುಂಬಾರ ಹುಳದ ಮೇಲೆ ಹಾಕುತ್ತಾರೆ. ಒರಲೆ ಮಣ್ಣು ಹೀಗೆ ಉದುರುವುದಿಲ್ಲ, ತೇವದಲ್ಲಿ ಸಾಲುಗಟ್ಟಿ ಗೋಡೆಗೆ ಅಂಟಿಕೊಂಡಿರುತ್ತದೆ. ಕುಂಬಾರ ಹುಳ ತಂದ ಮಣ್ಣು ಗೂಡಾಗಿ ನಿಲ್ಲುತ್ತದೆ, ಸಿಕ್ಕ ತೂತಿಗೆಲ್ಲ ಮೆತ್ತಿಕೊಳ್ಳುತ್ತದೆ (ಅದರ ಲೆಕ್ಕಕ್ಕೆ ಎಚ್‌ಡಿಎಂಐ ಕಿಂಡಿಯೂ ಒಂದು ತೂತೇ). ಒಣಗಿ, ನುಣ್ಣಗೆ, ಬ್ರಾಕೆಟ್ಟಿನ ಮೇಲಿನ ಸ್ಕ್ರೂಗಳ ನೇರಕ್ಕೇ ಬೀಳುವ ಪುಡಿ ಇವೆರಡರದ್ದೂ ಅಲ್ಲ. ಅದು ಗೋಡೆಯದ್ದು. ಸ್ಕ್ರೂ ಹಿಡಿಯಲೆಂದು ತೂತಿನೊಳಗೆ ಕೂರಿಸಿದ ಪ್ಲಾಸ್ಟಿಕ್ ಪ್ಲಗ್ಗು ಕೂದಲೆಳೆಯಷ್ಟು ಅಲುಗಾಡುತ್ತ ಕಲ್ಲನ್ನು ಅರೆಯುತ್ತಿದೆ, ಅರೆದದ್ದನ್ನು ಹೊರಗೆ ಚೆಲ್ಲುತ್ತಿದೆ. ಟಿವಿ ಬೀಳುವುದಕ್ಕೆ ಇನ್ನೂ ಸಮಯವಿದೆ, ಆದರೆ ಹೊರಟದ್ದಂತೂ ಹೌದು.

ತಪ್ಪು ಟಿವಿಯದ್ದೂ ಅಲ್ಲ, ಬ್ರಾಕೆಟ್ಟಿನದ್ದೂ ಅಲ್ಲ. ಡಬ್ಬಿಯೊಳಗೆ ಬರುವ ನಾಲ್ಕು ಪ್ಲಗ್ಗು, ನಾಲ್ಕು ಸ್ಕ್ರೂ, ಎರಡು ವಾಷರಿನ ಪೊಟ್ಟಣ ಕಾಂಕ್ರೀಟಿಗೋ ಚೆನ್ನಾಗಿ ಸುಟ್ಟ ಇಟ್ಟಿಗೆಗೋ ಲೆಕ್ಕ ಹಾಕಿ ಕೊಟ್ಟದ್ದು. ಶಿವಮೊಗ್ಗ ಪೇಟೆಯ ಹೊಸ ಅಪಾರ್ಟ್‌ಮೆಂಟಿಗೆ ಅದು ಸಾಕು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳ ಗೋಡೆ ಬೇರೆಯೇ ಜಾತಿ. ಒಂದೇ ಮನೆಯಲ್ಲಿ ಅಜ್ಜನ ಕಾಲದ ಮಣ್ಣಿನ ಗೋಡೆ, ಅಪ್ಪನ ಕಾಲದ ಜಂಬಿಟ್ಟಿಗೆ (ನೆಲದಿಂದ ಕಡಿದು ತೆಗೆಯುವ ಕೆಂಪು ಕಲ್ಲು), ಮೊನ್ನೆ ಸೇರಿಸಿದ ಸಿಮೆಂಟ್ ಬ್ಲಾಕಿನ ಕೋಣೆ ಮೂರೂ ಇರುತ್ತವೆ, ಮೂರಕ್ಕೂ ಮೇಲೆ ಒಂದೇ ಬಣ್ಣ ಹೊಡೆದಿರುತ್ತಾರೆ. ಕೊರೆಯಲು ಬರುವ ಹುಡುಗನಿಗೆ ಕಾಣುವುದು ಬಣ್ಣ ಮಾತ್ರ.

ಗೋಡೆಯನ್ನು ಕೇಳುವುದು

ಬಣ್ಣದಡಿಯ ಗೋಡೆ ಯಾವುದೆಂದು ತಿಳಿಯಲು ಟಿವಿ ಮುಚ್ಚುವ ಜಾಗದ ನಡುವೆ 6 ಮಿಲಿಮೀಟರಿನ ಡ್ರಿಲ್ ಬಿಟ್ಟಿನಲ್ಲಿ ಒಂದು ತೂತು ಕೊರೆದು ನೋಡಿದರೆ ಸಾಕು. ಡ್ರಿಲ್ಲಿನ ಹ್ಯಾಮರ್ (ಬಡಿತ) ಆಫ್ ಮಾಡಿ, ನಿಧಾನಕ್ಕೆ, ಕೆಳಗೆ ಬಿಳಿ ಕಾಗದ ಹಿಡಿದು. ಮೊದಲು ಬೂದು ಪುಡಿ ಬರುತ್ತದೆ, ಅದು ಗಾರೆ. ಎಲ್ಲಿ ಬಣ್ಣ ಬದಲಾಯಿತೋ ಅಲ್ಲಿ ನಿಲ್ಲಿಸಿ ಬಿಟ್ಟಿನ ಮೇಲೆ ಬೆರಳಿಟ್ಟು ಅಳೆಯಬೇಕು. ಇಟ್ಟಿಗೆ ಗೋಡೆಯಲ್ಲಿ ಗಾರೆ ಅರ್ಧ ಇಂಚು ಇರುತ್ತದೆ. ಜಂಬಿಟ್ಟಿಗೆಯ ಮೈ ಒರಟು, ಅದನ್ನು ಸಮ ಮಾಡಲು ಮುಕ್ಕಾಲಿನಿಂದ ಒಂದು ಇಂಚಿನವರೆಗೂ ಬಳಿದಿರುತ್ತಾರೆ. ಡಬ್ಬಿಯ ಪ್ಲಗ್ಗಿನ ಉದ್ದ ಸುಮಾರು ಎರಡು ಇಂಚು. ಒಂದು ಇಂಚು ಗಾರೆಯಲ್ಲೇ ಕಳೆದರೆ ಕಲ್ಲಿನೊಳಗೆ ಉಳಿಯುವುದು ಇನ್ನೊಂದೇ ಇಂಚು. ಗಾರೆ ಏನನ್ನೂ ಹೊರುವುದಿಲ್ಲ, ಅದು ಗೋಡೆಯ ಅಂಗಿ ಅಷ್ಟೇ.

ಆಮೇಲೆ ಬರುವ ಪುಡಿ ಒಂದೇ ಸಮನೆ ಇಟ್ಟಿಗೆಗೆಂಪಾಗಿ, ಬಿಟ್ಟು ಒಂದೇ ವೇಗದಲ್ಲಿ ಹೋಗುತ್ತಿದ್ದರೆ ಸುಟ್ಟ ಇಟ್ಟಿಗೆ. ಬೂದು ಪುಡಿಯೇ ಮುಂದುವರಿದು ಬಿಟ್ಟು ಬಿಸಿಯಾಗುತ್ತಿದ್ದರೆ ಗಟ್ಟಿ ಬ್ಲಾಕು ಅಥವಾ ಕಾಂಕ್ರೀಟಿನ ಕಂಬ. ಬೂದು ಬಂದು, ಇಂಚು ಇಂಚೂಕಾಲಿಗೆ ಬಿಟ್ಟು ಸಟ್ಟನೆ ಖಾಲಿಗೆ ಬಿದ್ದರೆ ಹಾಲೋ ಬ್ಲಾಕು. ಅದಕ್ಕೆ ರೆಕ್ಕೆ ಬಿಚ್ಚಿಕೊಳ್ಳುವ ಟಾಗಲ್ ಬೋಲ್ಟೇ ಬೇಕು. ಪುಡಿ ಹಳದಿ ಬೆರೆತ ಕೆಂಪಾಗಿ, ಸ್ವಲ್ಪ ಜಿಗುಟಾಗಿ, ಬಿಟ್ಟು ಒಮ್ಮೆ ತಡೆದು ಒಮ್ಮೆ ಜಾರಿ ಹೋಗುತ್ತಿದ್ದರೆ ಅದು ಜಂಬಿಟ್ಟಿಗೆ. ಒತ್ತುವುದೇ ಬೇಡ, ಬೆಣ್ಣೆಯೊಳಗೆ ಚಾಕು ಹೋದಂತೆ ಹೋಗಿ, ಹೊರಗೆಳೆದಾಗ ಬಿಟ್ಟಿನ ಸುರುಳಿಯಲ್ಲಿ ಮಣ್ಣು ಅಂಟಿಕೊಂಡು ಬಂದರೆ ಹಸಿ ಇಟ್ಟಿಗೆ ಅಥವಾ ಮಣ್ಣಿನ ಗೋಡೆ. ಈ ಪರೀಕ್ಷೆಗೆ ಎರಡು ನಿಮಿಷ ಸಾಕು. ಟಿವಿಯ ಜೊತೆ ಪುಕ್ಕಟೆಯಾಗಿ ಬರುವ ಫಿಟ್ಟಿಂಗಿನಲ್ಲಿ ಈ ಎರಡು ನಿಮಿಷ ಸೇರಿರುವುದಿಲ್ಲ. ಅರವತ್ತು ಕಿಲೋಮೀಟರ್ ಘಾಟಿ ದಾರಿಯಲ್ಲಿ ಬೈಕಿನಲ್ಲಿ ಬಂದು, ಒಂದೇ 8ರ ಬಿಟ್ಟು ಹಿಡಿದು, ಸಂಜೆಯೊಳಗೆ ಇನ್ನೂ ಮೂರು ಮನೆ ಮುಗಿಸಬೇಕಾದವನನ್ನು ಬೈದೂ ಪ್ರಯೋಜನವಿಲ್ಲ. ಗೋಡೆ ಯಾವುದೆಂದು ಮನೆಯವರೇ ತಿಳಿದುಕೊಂಡು, ತಕ್ಕ ಪ್ಲಗ್ಗು ತಂದಿಟ್ಟುಕೊಂಡು ಕಾಯುವುದು ಮೇಲು.

ಮೂರನೇ ಮಳೆಗಾಲ

ತೀರ್ಥಹಳ್ಳಿ ಕಡೆಯ ಒಂದು ಮನೆ. ಆಷಾಢದ ಮಧ್ಯಾಹ್ನ, ಹೊರಗೆ ಬಿಡದೆ ಸುರಿಯುವ ಮಳೆ, ಒಳಗೆ ಪಡಸಾಲೆಯ ಗೋಡೆಗೆ 55 ಇಂಚಿನ ಟಿವಿ. ಉದ್ದ ತೋಳಿನ, ಎತ್ತ ಬೇಕಾದರೂ ತಿರುಗುವ ಬ್ರಾಕೆಟ್ಟು, ಊಟದ ಮನೆಯಿಂದಲೂ ಕಾಣಲಿ ಅಂತ ಹಾಕಿಸಿದ್ದು. ಮೊದಲ ವರ್ಷ ಏನೂ ಆಗಲಿಲ್ಲ. ಎರಡನೇ ಮಳೆಗಾಲದಲ್ಲಿ ಟಿವಿ ಸ್ವಲ್ಪ ತಲೆ ತಗ್ಗಿಸಿತು, ಬ್ರಾಕೆಟ್ಟಿನ ಕೀಲು ಸಡಿಲವಾಗಿದೆ ಅಂತ ಸ್ಪ್ಯಾನರಿನಲ್ಲಿ ಬಿಗಿದರು. ಮೂರನೇ ಮಳೆಗಾಲಕ್ಕೆ ಗೋಡೆಗೂ ತಟ್ಟೆಗೂ ನಡುವೆ, ಮೇಲುಗಡೆ, ಲಗ್ನಪತ್ರಿಕೆ ತೂರುವಷ್ಟು ಸಂದಿ. ತೂರಿಸಿಯೂ ಇದ್ದರು. ತಟ್ಟೆ ಬಿಚ್ಚಿದಾಗ ಮೇಲಿನ ಎರಡು ಪ್ಲಗ್ಗು ಸ್ಕ್ರೂ ಸಮೇತ ಕೈಗೇ ಬಂದವು, ಹಿಂದೆಯೇ ಎರಡು ಚಮಚದಷ್ಟು ಕೆಂಪು ಪುಡಿ. ತೂತು ಹೊರಗೆ ಹದಿನೈದು ಮಿಲಿಮೀಟರು, ಒಳಗೆ ಎಂಟು, ಕೊಳವೆಯಾಗಿದ್ದದ್ದು ಆಲಿಕೆಯಂತಾಗಿತ್ತು. ಕೆಳಗಿನ ಎರಡು ಮಾತ್ರ ಹಾಕಿದ ದಿನದಷ್ಟೇ ಬಿಗಿ.

ಮೇಲಿನವು ಮಾತ್ರ ಯಾಕೆ ಬಂದವು ಅನ್ನುವುದು ಸರಳ ಲೆಕ್ಕ. ಟಿವಿಯ ತೂಕ 15 ಕಿಲೋ ಎಂದುಕೊಳ್ಳಿ. ತೋಳು ಪೂರ್ತಿ ಚಾಚಿದಾಗ ಅದು ಗೋಡೆಯಿಂದ 45 ಸೆಂಟಿಮೀಟರ್ ದೂರ ನೇತಾಡುತ್ತದೆ. ತಟ್ಟೆಯ ಮೇಲಿನ ಸ್ಕ್ರೂಗೂ ಕೆಳಗಿನ ಸ್ಕ್ರೂಗೂ 15 ಸೆಂಟಿಮೀಟರ್ ಅಂತರ. ಹದಿನೈದನ್ನು ನಲವತ್ತೈದರಿಂದ ಗುಣಿಸಿ ಹದಿನೈದರಿಂದ ಭಾಗಿಸಿದರೆ 45. ಅಂದರೆ ಮೇಲಿನ ಸ್ಕ್ರೂಗಳನ್ನು 45 ಕಿಲೋ ಭಾರ ಗೋಡೆಯಿಂದ ಹೊರಕ್ಕೆ ಎಳೆಯುತ್ತಿದೆ, ತೋಳಿನ ಸ್ವಂತ ತೂಕ ಬೇರೆ. ಅದೇ ಟಿವಿಯನ್ನು ಗೋಡೆಗಂಟುವ ಬ್ರಾಕೆಟ್ಟಿನಲ್ಲಿ ಹಾಕಿ, ತೂಕ 6 ಸೆಂಟಿಮೀಟರ್ ದೂರದಲ್ಲಿ ನಿಂತರೆ ಎಳೆತ 6 ಕಿಲೋ. ಏಳೂವರೆ ಪಟ್ಟು ವ್ಯತ್ಯಾಸ. ಯಾರೋ ಟಿವಿಯನ್ನು ಹಿಡಿದು ತಿರುಗಿಸುವಾಗ ಇನ್ನಷ್ಟು. ಕೆಳಗಿನ ಸ್ಕ್ರೂಗಳ ಕಡೆ ತಟ್ಟೆ ಗೋಡೆಯನ್ನು ಒತ್ತುತ್ತದೆಯೇ ಹೊರತು ಎಳೆಯುವುದಿಲ್ಲ, ಹಾಗಾಗಿ ಅವು ಕ್ಷೇಮ. ಜಂಬಿಟ್ಟಿಗೆ ಗೋಡೆಗೆ ಉದ್ದ ತೋಳಿನ ಬ್ರಾಕೆಟ್ಟು ಬೇಡವೇ ಬೇಡ, ಬೇಕೇ ಬೇಕಾದರೆ 32 ಇಂಚಿಗೆ ಮೀರದಿರಲಿ. ಆ ಮನೆಯಲ್ಲಿ ಕೊನೆಗೆ ತೋಳು ಅಟ್ಟಕ್ಕೆ ಹೋಯಿತು, ಊಟದ ಮನೆಯವರು ಪಡಸಾಲೆಗೇ ಬಂದು ಕೂರುತ್ತಾರೆ.

ಜಂಬಿಟ್ಟಿಗೆಯ ಗುಣ

ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರಂ ಬಳಿ ಈ ಕಲ್ಲನ್ನು ಕಂಡು, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ವರದಿಯಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ನಿನ ಆ ಮೂಲಪದಕ್ಕೆ ಇಟ್ಟಿಗೆ ಅಂತಲೇ ಅರ್ಥ. ನಮ್ಮವರು ಅವನನ್ನು ಕಾಯದೆ ಮೊದಲೇ ಹೆಸರಿನಲ್ಲಿ ಇಟ್ಟಿಗೆ ಸೇರಿಸಿಕೊಂಡಿದ್ದರು. ನೆಲದಿಂದ ಎಬ್ಬಿಸುವಾಗ ಕೊಡಲಿಗೆ ಕಡಿಯುವಷ್ಟು ಮೆತ್ತಗೆ, ಗಾಳಿಗೆ ಬಿದ್ದಮೇಲೆ ಗಟ್ಟಿ. ಟಿವಿ ಹಾಕುವವನಿಗೆ ಈ ಗುಣವೇ ಮೋಸ. ಗಟ್ಟಿಯಾಗುವುದು ಹೊರಮೈ ಮೊದಲು, ಹೊಟ್ಟೆ ಹಾಗಲ್ಲ. ಕಲ್ಲಿನೊಳಗೆ ಗುಳಿಗಳು, ಗುಳಿಗಳಲ್ಲಿ ಹಳದಿ ಜೇಡಿ. ಜಂಬಿಟ್ಟಿಗೆಗೆ ಭಾರತೀಯ ಮಾನಕ 3620 ಕೇಳುವ ಕನಿಷ್ಠ ಒತ್ತುಬಲ ಚದರ ಮಿಲಿಮೀಟರಿಗೆ 3.5 ನ್ಯೂಟನ್, ಎಂ20 ಕಾಂಕ್ರೀಟಿನದ್ದು 20. ಹೊರೆಯನ್ನು ಮೇಲಿನಿಂದ ಹೊತ್ತು ನಿಲ್ಲಲು ಆ ಮೂರೂವರೆ ಧಾರಾಳ ಸಾಕು, ಎರಡಂತಸ್ತಿನ ಮನೆಗಳು ನಿಂತಿವೆ. ತೂತಿನೊಳಗಿಂದ ಹಿಗ್ಗಿ ಹಿಡಿಯುವ ಲೋಹದ ಆಂಕರ್ ಬೋಲ್ಟಿಗೆ ಅದು ಸಾಲದು. ಬೋಲ್ಟು ಬಿಗಿದಂತೆಲ್ಲ ಕಲ್ಲು ಒಳಗೇ ಹುಡಿಯಾಗುತ್ತದೆ, ಅಂಚಿನ ಹತ್ತಿರವಾದರೆ ಸೀಳುತ್ತದೆ. ದೊಡ್ಡ ಟಿವಿಗೆ ದಪ್ಪ ಆಂಕರ್ ಹಾಕಿದ್ದೇವೆ ಅನ್ನುವ ಧೈರ್ಯ ಈ ಗೋಡೆಯ ಮಟ್ಟಿಗೆ ತಲೆಕೆಳಗು.

ಇಲ್ಲಿ ಬೇಕಾದದ್ದು ಉದ್ದ. 10 ಮಿಲಿಮೀಟರ್ ದಪ್ಪದ, 80ರಿಂದ 100 ಮಿಲಿಮೀಟರ್ ಉದ್ದದ ನೈಲಾನ್ ಪ್ಲಗ್ಗು, ಕಿಟಕಿ ಚೌಕಟ್ಟು ಕೂರಿಸಲು ಬಳಸುತ್ತಾರಲ್ಲ, ಅಂಥದ್ದು. ಬೆಳ್ಳಗೆ ಹೊಳೆಯುವ ಅಗ್ಗದ ಪ್ಲಾಸ್ಟಿಕ್ಕಿನದ್ದು ಬೇಡ, ಸ್ಕ್ರೂ ಹೊಕ್ಕುವಾಗಲೇ ಸೀಳುತ್ತದೆ. ಕೊರೆಯುವಾಗ ಹ್ಯಾಮರ್ ಆಫ್ ಆಗಿರಬೇಕು. ಹ್ಯಾಮರಿನ ಹೊಡೆತಕ್ಕೆ ತೂತಿನ ಬಾಯಿ ಒಡೆದು ಅಗಲವಾಗುತ್ತದೆ, ಮೊದಲ ದಿನವೇ ಆಲಿಕೆ. 6ರ ಬಿಟ್ಟಿನಲ್ಲಿ ದಾರಿ ಮಾಡಿ ಆಮೇಲೆ 9ರಲ್ಲಿ ಅಗಲಿಸಬೇಕು. 10ರ ಪ್ಲಗ್ಗಿಗೆ 9ರ ತೂತು, ಮರದ ಸುತ್ತಿಗೆಯಲ್ಲಿ ತಟ್ಟಿ ಕೂರಿಸುವಷ್ಟು ಬಿಗಿ ಇರಲಿ. ಆಳ ಪ್ಲಗ್ಗಿಗಿಂತ ಒಂದು ಸೆಂಟಿಮೀಟರ್ ಹೆಚ್ಚು, ಬಿಟ್ಟಿಗೆ ಟೇಪು ಸುತ್ತಿ ಗುರುತು ಮಾಡಿಕೊಳ್ಳಬೇಕು. ತೂತಿನ ಪುಡಿಯನ್ನು ಸೈಕಲ್ ಪಂಪಿನಲ್ಲಿ ಊದಿ ತೆಗೆಯಬೇಕು, ಬಾಯಲ್ಲಿ ಊದಿದರೆ ಎಲ್ಲ ಕಣ್ಣಿಗೇ. ಪುಡಿ ಉಳಿದರೆ ಪ್ಲಗ್ಗು ಕಲ್ಲನ್ನು ಮುಟ್ಟದೆ ಪುಡಿಯನ್ನೇ ಹಿಡಿದುಕೊಂಡಿರುತ್ತದೆ.

ಕೊರೆಯುವಾಗ ಬಿಟ್ಟು ಒಮ್ಮೆಲೇ ದಢಕ್ಕನೆ ಒಳಗೆ ಹೋದರೆ ಗುಳಿ ಸಿಕ್ಕಿದೆ. ಆ ತೂತನ್ನು ಬಿಟ್ಟು ಮೂರು ಇಂಚು ಆಚೆ ಹೋಗಬೇಕು. ಸಿಮೆಂಟು ತುಂಬಿ ಅಲ್ಲೇ ಕೂರಿಸುವ ಹಟ ಬೇಡ. ಸಂದಿಯನ್ನೂ ತಪ್ಪಿಸಬೇಕು: ಹಳೆಯ ಜಂಬಿಟ್ಟಿಗೆ ಗೋಡೆಗಳಲ್ಲಿ ಕಲ್ಲಿನ ವರಸೆಗಳ ನಡುವೆ ಸಿಮೆಂಟಿರುವುದಿಲ್ಲ, ಕೆಮ್ಮಣ್ಣು ಇರುತ್ತದೆ. ಸಾಲಾಗಿ ಹಲವು ತೂತಿರುವ, ಅಡ್ಡ ಪಟ್ಟಿಯ ಬ್ರಾಕೆಟ್ಟು ಇದಕ್ಕೇ ಒಳ್ಳೆಯದು, ಕಲ್ಲು ಎಲ್ಲಿ ಚೆನ್ನಾಗಿದೆಯೋ ಅಲ್ಲಿ ಆರಿಸಿಕೊಳ್ಳಬಹುದು. ನಾಲ್ಕರ ಬದಲು ಆರು ಸ್ಕ್ರೂ ಹಾಕಿ.

55 ಇಂಚಿಗೆ ಮೇಲಿನ ಟಿವಿಗೆ ಇನ್ನೂ ಒಂದು ದಾರಿ ಉಂಟು, ಹಲಗೆ. 19 ಮಿಲಿಮೀಟರಿನ ಪ್ಲೈವುಡ್, ಎರಡಡಿಗೆ ಮೂರಡಿ, ಟಿವಿಯ ಹಿಂದೆ ಮರೆಯಾಗುವಷ್ಟು. ಅದನ್ನು ಗೋಡೆಗೆ ಎಂಟು ಹತ್ತು ಪ್ಲಗ್ಗಿನಲ್ಲಿ ಹಂಚಿ ಕೂರಿಸಿ, ಬ್ರಾಕೆಟ್ಟನ್ನು ಹಲಗೆಗೆ ಹಿಂದಿನಿಂದ ನಟ್ಟು ಕೂರಿಸಿದ ಬೋಲ್ಟಿನಲ್ಲಿ ಬಿಗಿಯುವುದು. ಒಂದು ಪ್ಲಗ್ಗಿನ ಜಾಗ ಕೆಟ್ಟದಾದರೂ ಉಳಿದವು ಹೊರುತ್ತವೆ. ಅಂಗಡಿಯಲ್ಲಿ ಪ್ಲೈವುಡ್ ಕೇಳುವಾಗ ಐಎಸ್ 710 ಮುದ್ರೆ ನೋಡಿ, ಅದು ನೀರು ತಡೆಯುವ ಮೆರೈನ್ ದರ್ಜೆ. ಐಎಸ್ 303ರ ಎಂಆರ್ ದರ್ಜೆ ಅಗ್ಗ, ಮಲೆನಾಡಿನ ಎರಡು ಮಳೆಗಾಲಕ್ಕೆ ಪದರ ಬಿಡುತ್ತದೆ. ಹಲಗೆಯನ್ನು ಗೋಡೆಗೆ ಅಂಟಿಸಬೇಡಿ, ಪ್ರತಿ ಸ್ಕ್ರೂವಿಗೂ ಹಿಂದೆ ಅರ್ಧ ಇಂಚಿನ ಬಿಲ್ಲೆ ಕೊಟ್ಟು ಗಾಳಿಯಾಡಲು ಬಿಡಬೇಕು. ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ, ಅದರ ಹಿಂದೆಯೇ ಒರಲೆ.

ಮಣ್ಣಿನ ಗೋಡೆ ಮತ್ತು ಗಿಳಿಗೂಟ

ಹಳೆಯ ಚೌಕಿಮನೆಗಳ ಮಣ್ಣಿನ ಗೋಡೆ ಒಂದೂವರೆ ಅಡಿಗೂ ಮಿಕ್ಕಿ ದಪ್ಪ. ಅಷ್ಟು ದಪ್ಪ ಇದೆಯಲ್ಲ, ಟಿವಿ ಯಾವ ಲೆಕ್ಕ ಅನ್ನಿಸುವುದು ಸಹಜ. ಆದರೆ ಆ ಗೋಡೆ ಕಟ್ಟಿದವರು ಅದಕ್ಕೆ ಮೊಳೆ ಹೊಡೆದು ಏನನ್ನೂ ನೇತುಹಾಕಲಿಲ್ಲ. ನೇತುಹಾಕಬೇಕಾದಲ್ಲಿ ಗಿಳಿಗೂಟ, ಅಂದರೆ ಗಿಳಿಯಾಕಾರದ ಮರದ ಗೂಟ, ಇಟ್ಟರು. ಹೊರಗೆ ಕಾಣುವ ಗಿಳಿ ಗೇಣುದ್ದವಾದರೆ ಗೋಡೆಯೊಳಗೆ ಅದರ ಬಾಲವೂ ಅಷ್ಟೇ ಉದ್ದ, ಮೇಲಿನ ಮಣ್ಣಿನ ಭಾರವೇ ಅದನ್ನು ಒತ್ತಿ ಹಿಡಿದಿರುತ್ತದೆ. ಪ್ಲಗ್ಗು ಸ್ಕ್ರೂಗಳು ಮಣ್ಣಿನಲ್ಲಿ ಹಿಗ್ಗಿ ಹಿಡಿಯಲು ಏನೂ ಇಲ್ಲ. ಹೊಕ್ಕಷ್ಟೇ ಸಲೀಸಾಗಿ ಹೊರಬರುತ್ತವೆ.

ಮಣ್ಣಿನ ಗೋಡೆ ಎರಡು ಕೋಣೆಗಳ ನಡುವಿನದ್ದಾದರೆ ಆರುಪಾರು ಬೋಲ್ಟು ಹಾಕುವುದೇ ಸರಿ. 10 ಮಿಲಿಮೀಟರಿನ ಥ್ರೆಡ್ ರಾಡು ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರುದ್ದಕ್ಕೆ ಸಿಗುತ್ತದೆ, ಗೋಡೆಯ ದಪ್ಪಕ್ಕೆ ಎರಡೂ ಕಡೆಯ ಹಲಗೆ ಮತ್ತು ನಟ್ಟಿಗೆ ಮೂರು ನಾಲ್ಕು ಇಂಚು ಸೇರಿಸಿ ಕತ್ತರಿಸಿಕೊಳ್ಳಬೇಕು. 12 ಮಿಲಿಮೀಟರಿನ ಉದ್ದ ಬಿಟ್ಟನ್ನು ಬಾಡಿಗೆಗೆ ತಂದು ಒಂದೇ ಕಡೆಯಿಂದ ಕೊರೆಯಬೇಕು. ಎರಡೂ ಕಡೆಯಿಂದ ಕೊರೆದರೆ ನಡುವೆ ಸೇರುವುದಿಲ್ಲ. ಟಿವಿಯ ಕಡೆ ಎರಡು ನಿಲುವು ಪಟ್ಟಿ, ಆ ಕಡೆ ಒಂದು ಅಗಲ ಹಲಗೆ, ನಟ್ಟಿನಡಿಗೆ ನಾಲ್ಕು ಇಂಚು ಚೌಕದ ಕಬ್ಬಿಣದ ತಟ್ಟೆ. ಬಿಗಿಯುವಾಗ ಗೋಡೆ ನೊಂದುಕೊಳ್ಳದಷ್ಟೇ ಬಿಗಿಯಬೇಕು, ಹಲಗೆ ಗೋಡೆಯನ್ನು ಮುಟ್ಟಿ ಅಲ್ಲಾಡದೆ ನಿಂತರೆ ಸಾಕು. ಆ ಕಡೆಯ ಹಲಗೆ ವ್ಯರ್ಥವಲ್ಲ, ನಾಲ್ಕು ಗೂಟ ಹೊಡೆದರೆ ಅಂಗಿ ಟವೆಲ್ಲಿಗೆ ಆಯಿತು.

ಗೋಡೆ ಹೊರಗಿನದ್ದಾದರೆ ಆರುಪಾರು ತೂತು ಮಾಡುವಂತಿಲ್ಲ, ಮಳೆ ಅದೇ ದಾರಿಯಲ್ಲಿ ಒಳಗೆ ಬರುತ್ತದೆ. ಆಗ ಭಾರವನ್ನು ನೆಲಕ್ಕೆ ಇಳಿಸಬೇಕು. ಒಂದೂವರೆ ಇಂಚಿನ ಚೌಕ ಪೈಪಿನ ಅಥವಾ ಎರಡು ಇಂಚಿನ ಮರದ ರೀಪಿನ ಎರಡು ಕಂಬ, ನೆಲದಿಂದ ಮುಚ್ಚಿಗೆಯ ತೊಲೆಯವರೆಗೆ. ಮೇಲೆ ತೊಲೆಗೆ ಎಲ್ ಕ್ಲಾಂಪು, ಕೆಳಗೆ ಮರವಾದರೆ ಕಂಬದಡಿಗೆ ಗ್ರಾನೈಟಿನ ಚೂರು, ಒರಲೆ ಏರದಂತೆ. ಟಿವಿ ಗೋಡೆಯ ಮೇಲಿದ್ದಂತೆಯೇ ಕಾಣುತ್ತದೆ, ಗೋಡೆಗೆ ಮಾತ್ರ ಅದರ ಗೊಡವೆಯೇ ಇಲ್ಲ. ಹಳೆಯ ಮನೆಗೆ ನನ್ನ ಓಟು ಯಾವತ್ತೂ ಇದಕ್ಕೇ.

ಇನ್ನೊಂದು ಸೂಕ್ಷ್ಮ. ಮಣ್ಣಿನ ಗೋಡೆ ಬುಡದಲ್ಲಿ ದಪ್ಪ, ಮೇಲೆ ಹೋದಂತೆ ತೆಳು. ಅದರ ಮೈಗೇ ಬ್ರಾಕೆಟ್ಟು ಕೂರಿಸಿದರೆ ಟಿವಿ ಮಲಗಿದವರಂತೆ ಮೇಲೆ ನೋಡುತ್ತದೆ, ಮಾಡಿನ ಗಾಜಿನ ಹಂಚು ನೇರ ತೆರೆಯಲ್ಲಿ ಹೊಳೆಯುತ್ತದೆ. ಹಗಲು ಕ್ರಿಕೆಟ್ ನೋಡುವವರ ದೂರೆಲ್ಲ ಇದೇ. ಬ್ರಾಕೆಟ್ಟಿನ ಮೇಲಿನ ಸ್ಕ್ರೂಗಳ ಹಿಂದೆ ಎರಡು ಮೂರು ವಾಷರ್ ಕೊಟ್ಟು ತೂಗುಗುಂಡಿನ ನೇರಕ್ಕೆ ತರಬೇಕು.

ಯಾರು ಎಲ್ಲಿ ಕೂರುತ್ತಾರೆ

ಟಿವಿಯ ನಡುಭಾಗ ನೆಲದಿಂದ 42 ಇಂಚು ಎಂಬ ಸೂತ್ರ ಸೋಫಾ ಇರುವ ಮನೆಯದ್ದು. ಸೋಫಾದಲ್ಲಿ ಕೂತವರ ಕಣ್ಣು ಸುಮಾರು ಅಷ್ಟು ಎತ್ತರಕ್ಕೆ ಬರುತ್ತದೆ. ಚಾಪೆಯ ಮೇಲೆ ಕೂತವರ ಕಣ್ಣು 30 ಇಂಚಿನ ಸುಮಾರು. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತು ಟಿವಿ ನೋಡುವ ಮನೆಗಳುಂಟು. ಅಲ್ಲಿ 42ಕ್ಕೆ ಹಾಕಿದರೆ ಕುತ್ತಿಗೆಯೂ ಹೋಗುತ್ತದೆ, ಕಣ್ಣು ಕತ್ತಿಯಿಂದ ದೂರವೂ ಹೋಗುತ್ತದೆ, ಎರಡೂ ಒಳ್ಳೆಯದಲ್ಲ. ಹಿರಿಯರು ಕುರ್ಚಿಯಲ್ಲಿ, ಮಕ್ಕಳು ಚಾಪೆಯಲ್ಲಿ ಕೂರುವ ಮನೆಗೆ 38ರಿಂದ 40 ಇಂಚು, ಜೊತೆಗೆ ಐದು ಡಿಗ್ರಿ ಕೆಳಗೆ ಬಾಗುವ ಬ್ರಾಕೆಟ್ಟು ಸಾಕು. ಬಾಗಿಲಿನ ಮೇಲಿನ ದೇವರ ಪಟಗಳ ಸಾಲಿಗೆ ಸಮನಾಗಿ ಟಿವಿ ಏರಿಸುವ ರೂಢಿ ಎಲ್ಲಿಂದ ಬಂತೋ. ಪಟಕ್ಕೆ ಅರೆಗಳಿಗೆ ತಲೆಯೆತ್ತಿ ಕೈಮುಗಿದರಾಯಿತು, ಟಿವಿಗೆ ಮೂರು ತಾಸು ತಲೆಯೆತ್ತಬೇಕು. ದೂರದ ಲೆಕ್ಕ ಸುಲಭ: ಟಿವಿಯ ಇಂಚನ್ನು 1.6ರಿಂದ ಗುಣಿಸಿ. 43ಕ್ಕೆ 69 ಇಂಚು, ಐದೂಮುಕ್ಕಾಲು ಅಡಿ. 55ಕ್ಕೆ 88 ಇಂಚು, ಏಳೂಕಾಲು ಅಡಿ ಮೇಲೆ ಸ್ವಲ್ಪ.

ಎತ್ತರ ಗೊತ್ತಾದ ಮೇಲೂ ತೂತು ಎಲ್ಲಿ ಅನ್ನುವಲ್ಲಿ ತಪ್ಪುವವರೇ ಹೆಚ್ಚು, ಯಾಕೆಂದರೆ ಟಿವಿಯ ಬೆನ್ನಿನ ನಾಲ್ಕು ತೂತು ಎಲ್ಲ ಟಿವಿಗಳಲ್ಲೂ ನಟ್ಟನಡುವೆ ಇರುವುದಿಲ್ಲ. ಆ ನಾಲ್ಕು ತೂತಿನ ಅಂತರವೇ ವೇಸಾ ಅಳತೆ: 200ಕ್ಕೆ 200, 400ಕ್ಕೆ 200, 400ಕ್ಕೆ 400 ಹೀಗೆ, ಎಲ್ಲ ಮಿಲಿಮೀಟರಿನಲ್ಲಿ. ಒಂದು ಉದಾಹರಣೆ ನೋಡಿ. ಟಿವಿಯ ಒಟ್ಟು ಎತ್ತರ 56 ಸೆಂಟಿಮೀಟರ್, ನಡುಭಾಗ ನೆಲದಿಂದ 100ಕ್ಕೆ ಬರಬೇಕು. ಹಾಗಾದರೆ ಕೆಳಂಚು 72ಕ್ಕೆ. ಬೆನ್ನಿನ ಮೇಲಿನ ಜೋಡಿ ತೂತು ಕೆಳಂಚಿನಿಂದ 36 ಸೆಂಟಿಮೀಟರ್ ಮೇಲಿದ್ದರೆ ಅದು ನೆಲದಿಂದ 108. ಟಿವಿಗೆ ಕಟ್ಟುವ ಪಟ್ಟಿಯ ಕೊಕ್ಕೆ ಆ ತೂತಿಗಿಂತ 3 ಮೇಲಿದ್ದರೆ 111. ಗೋಡೆಯ ಪಟ್ಟಿಯಲ್ಲಿ ಕೊಕ್ಕೆ ಕೂರುವ ಅಂಚಿಗಿಂತ ಸ್ಕ್ರೂ ತೂತು 4 ಕೆಳಗಿದ್ದರೆ, ಕೊರೆಯಬೇಕಾದದ್ದು 107ರಲ್ಲಿ. ಈ ಲೆಕ್ಕವನ್ನು ಡಬ್ಬಿಯ ರಟ್ಟಿನ ಮೇಲೆ ಬರೆದು, ಬ್ರಾಕೆಟ್ಟನ್ನು ಟಿವಿಯ ಬೆನ್ನಿಗಿಟ್ಟು ಅಳೆದೇ ಗೋಡೆಗೆ ಪೆನ್ಸಿಲ್ ಮುಟ್ಟಿಸಬೇಕು.

ಮಟ್ಟಗೋಲು ಇಟ್ಟು ಅಡ್ಡಗೆರೆ ಎಳೆದಾಗ ಇನ್ನೊಂದು ತಮಾಷೆ ಎದುರಾಗುತ್ತದೆ. ಹಳೆಯ ಮನೆಯ ತೊಲೆಗಳು ಮಟ್ಟವಾಗಿರುವುದಿಲ್ಲ. ಟಿವಿ ಮಟ್ಟಕ್ಕೆ ಸರಿಯಾಗಿದ್ದರೂ ತೊಲೆಯ ಹತ್ತಿರ ಸೊಟ್ಟ ಕಾಣುತ್ತದೆ, ಬಂದವರೆಲ್ಲ ಸೊಟ್ಟ ಅನ್ನುತ್ತಾರೆ. ತೊಲೆ ಎರಡಡಿಗಿಂತ ದೂರವಿದ್ದರೆ ಮಟ್ಟಗೋಲನ್ನು ನಂಬಿ. ಅದಕ್ಕಿಂತ ಹತ್ತಿರವಿದ್ದರೆ ಎರಡಕ್ಕೂ ನಡುವೆ ರಾಜಿ ಮಾಡಿಸಿ.

ಟಿವಿಯ ಬೆನ್ನಿಗೆ ಹಾಕುವ ಸ್ಕ್ರೂಗಳಲ್ಲೂ ಒಂದು ಅಪಾಯವಿದೆ. ಸಾಮಾನ್ಯವಾಗಿ 200ರ ವೇಸಾಕ್ಕೆ ಎಂ6, ದೊಡ್ಡ ಟಿವಿಗಳಿಗೆ ಎಂ8. ಉದ್ದ ಹೆಚ್ಚಾದರೆ ಸ್ಕ್ರೂ ಒಳಗಿನ ಬೋರ್ಡನ್ನೋ ಪ್ಯಾನೆಲ್ಲನ್ನೋ ತಿವಿಯುತ್ತದೆ, ತೆರೆಯ ನಡುವೆ ಕಪ್ಪು ಮಚ್ಚೆ ಬಿದ್ದಮೇಲೇ ಗೊತ್ತಾಗುವುದು. ಹಿಡಿಕಡ್ಡಿಯೊಂದನ್ನು ತೂತಿಗೆ ಇಳಿಸಿ, ಎಷ್ಟು ಹೋಯಿತೆಂದು ಉಗುರಿನಲ್ಲಿ ಗುರುತು ಮಾಡಿ, ಅದಕ್ಕೆ ಪಟ್ಟಿಯ ದಪ್ಪ ಸೇರಿಸಿ, ಎರಡು ಮಿಲಿಮೀಟರ್ ಕಳೆದರೆ ಬಂದದ್ದೇ ಸ್ಕ್ರೂವಿನ ಅತಿ ಹೆಚ್ಚಿನ ಉದ್ದ. ಬಿಗಿಯುವುದು ಕೈಯಲ್ಲೇ, ಡ್ರಿಲ್ಲಿನಲ್ಲಿ ಬೇಡ.

ಗೃಹಪ್ರವೇಶದ ಹಿಂದಿನ ರಾತ್ರಿ

ಹೊಸ ಮನೆಗಳ ಕಥೆ ಬೇರೆ. ಏಪ್ರಿಲ್ ಮೇ ಮುಹೂರ್ತಗಳ ಕಾಲ. ಅಂಗಳದಲ್ಲಿ ಶಾಮಿಯಾನ, ಹಿತ್ತಿಲಲ್ಲಿ ಅಡುಗೆಯವರು ತರಕಾರಿ ಹೆಚ್ಚುತ್ತಿದ್ದಾರೆ, ಬಾಗಿಲಿಗೆ ತೋರಣ ಕಟ್ಟುತ್ತಿದ್ದಾರೆ, ರಾತ್ರಿ ಒಂಬತ್ತಕ್ಕೆ ಒಳಗಿನಿಂದ ಡ್ರಿಲ್ಲಿನ ಸದ್ದು. ಬೆಳಿಗ್ಗೆ ನೆಂಟರು ಬರುವುದರೊಳಗೆ ಟಿವಿ ಗೋಡೆಯ ಮೇಲಿರಬೇಕು. ಆ ಗೋಡೆಗೆ ಗಾರೆ ಮಾಡಿ ಹತ್ತು ಹನ್ನೆರಡು ದಿನವಾಗಿರುತ್ತದೆ, ಬಣ್ಣದ ಮೇಲೆ ಕೈಯಿಟ್ಟರೆ ಇನ್ನೂ ತಣ್ಣಗೆ. ಸಿಮೆಂಟು ಬಲ ಬರಲು 28 ದಿನ ಬೇಕು ಅಂತ ಮೇಸ್ತ್ರಿಗೆ ಗೊತ್ತು, ಮನೆಯವರಿಗೂ ಗೊತ್ತು, ಮುಹೂರ್ತಕ್ಕೆ ಗೊತ್ತಿಲ್ಲ. ಹಸಿ ಗಾರೆಯಲ್ಲಿ ಕೂತ ಪ್ಲಗ್ಗು ಅಂದು ಬಿಗಿಯಾಗಿಯೇ ಇರುತ್ತದೆ. ಗೋಡೆ ಒಣಗುತ್ತ ಕುಗ್ಗಿದಾಗ ತೂತಿನ ಸುತ್ತ ಕೂದಲಿನಷ್ಟು ಬಿರುಕು ಹಬ್ಬುತ್ತದೆ. ಅದಕ್ಕಿಂತ ಕೆಟ್ಟದ್ದು, ಗೋಡೆಯಿಂದ ಹೊರಡುವ ತೇವವೆಲ್ಲ ಟಿವಿಯ ಬೆನ್ನಿಗೇ ಹೋಗುತ್ತದೆ. ಹೊಸ ಟಿವಿಗೆ ಕಾಲುಗಳನ್ನು ಕೊಟ್ಟೇ ಇರುತ್ತಾರೆ, ಮುಹೂರ್ತದ ದಿನ ಮೇಜಿನ ಮೇಲೆ ನಿಲ್ಲಲಿ. ಗೋಡೆಗೆ ಏರುವುದು ದೀಪಾವಳಿಯ ಹೊತ್ತಿಗಾಯಿತು. ಮನೆ ಕಟ್ಟುತ್ತಿರುವವರಿಗೆ ಇದಕ್ಕಿಂತಲೂ ಸುಲಭದ ದಾರಿಯಿದೆ: ಟಿವಿ ಬರುವ ಜಾಗದ ಎರಡು ವರಸೆಗಳಲ್ಲಿ ಜಂಬಿಟ್ಟಿಗೆಯ ಬದಲು ಗಟ್ಟಿ ಸಿಮೆಂಟ್ ಬ್ಲಾಕು ಇಡಿಸುವುದು. ಗಿಳಿಗೂಟ ಇಟ್ಟವರು ಮಾಡಿದ್ದೂ ಅದನ್ನೇ, ಕಟ್ಟುವಾಗಲೇ ಯೋಚಿಸಿದ್ದು.

ಮಳೆಯ ಗೋಡೆ, ಸಿಡಿಲಿನ ತಿಂಗಳು

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಷ್ಟಿಲ್ಲದ ಕಡೆಯೂ ಮಳೆ ಬಡಿಯುವುದು ಪಡುವಣದಿಂದ. ಪಡುವಣ ಗೋಡೆಗೆ ಸೋಗೆಯ ತಟ್ಟಿ ಕಟ್ಟುವ ಮನೆಗಳು ಆ ಗೋಡೆ ಎಷ್ಟು ನೀರು ಕುಡಿಯುತ್ತದೆ ಅನ್ನುವುದನ್ನು ಹೊರಗಿನಿಂದಲೇ ಹೇಳುತ್ತವೆ. ತಟ್ಟಿ ಕಟ್ಟುವ ಗೋಡೆಯ ಒಳಮೈಗೆ ಟಿವಿ ಬೇಡ. ಬಚ್ಚಲಿನ ಹಿಂದಿನ ಗೋಡೆಯೂ ಬೇಡ. ಮನೆಯ ನಡುಗೋಡೆಗಳೇ ಒಳ್ಳೆಯವು. ಜೂನ್‌ನಿಂದ ಆಗಸ್ಟ್‌ವರೆಗೆ ದಿನಕ್ಕೆ ಒಂದು ಗಂಟೆಯಾದರೂ ಟಿವಿ ಹಚ್ಚಬೇಕು, ಯಾರೂ ನೋಡದಿದ್ದರೂ. ಅದರ ಶಾಖವೇ ಒಳಗಿನ ತೇವ ಓಡಿಸುತ್ತದೆ. ಅದೇ ಶಾಖಕ್ಕೆ ಹಲ್ಲಿ ಮೊಟ್ಟೆಯಿಡಲು ಬರುತ್ತದೆ, ಹಾಗಾಗಿ ತಿಂಗಳಿಗೊಮ್ಮೆ ಹಿಂದೆ ಟಾರ್ಚು ಬಿಟ್ಟು ನೋಡುವುದು ಒಳ್ಳೆಯದು.

ಸಿಡಿಲಿನ ತಿಂಗಳುಗಳು ಬೇರೆ. ಏಪ್ರಿಲ್ ಮೇ ತಿಂಗಳ ಸಂಜೆಯ ಮಳೆ, ಮತ್ತೆ ಅಕ್ಟೋಬರಿನ ಮಳೆ. ಆಷಾಢದ ಜಡಿಮಳೆಗೆ ಗುಡುಗು ಕಡಿಮೆ. ಮನೆ ಅಲಂಕಾರದ ಚಿತ್ರಗಳಲ್ಲಿ ಪ್ಲಗ್ ಪಾಯಿಂಟನ್ನು ಟಿವಿಯ ಹಿಂದೆ ಅಡಗಿಸುವುದನ್ನು ನೋಡಿ ನಮ್ಮವರೂ ಹಾಗೇ ಮಾಡಿಸುತ್ತಾರೆ. ಇಲ್ಲಿ ಅದು ಶುದ್ಧ ತಪ್ಪು. ಸ್ವಿಚ್ಚು ಫೇಸ್ ತಂತಿಯೊಂದನ್ನೇ ಕಡಿಯುತ್ತದೆ, ನ್ಯೂಟ್ರಲ್ ಹಾಗೇ ಇರುತ್ತದೆ, ಜೊತೆಗೆ ಮಾಡಿನ ಮೇಲಿನ ಡಿಶ್‌ನಿಂದ ಬರುವ ಕೇಬಲ್ಲು. ಮೋಡ ಕಟ್ಟಿದಾಗ ಪ್ಲಗ್ಗನ್ನೇ ಕಿತ್ತು, ಡಿಶ್ ಕೇಬಲ್ಲಿನ ತಿರುಪು ಬಿಚ್ಚಿ ದೂರ ಇಡಬೇಕು. ಇವೆರಡೂ ಟಿವಿಯ ಪಕ್ಕದಲ್ಲಿ, ಅಜ್ಜಿಯ ಕೈಗೂ ಎಟಕುವಂತೆ ಇರಬೇಕು. ಗುಡುಗು ಶುರುವಾದ ಮೇಲೆ ತಂತಿ ಮುಟ್ಟುವುದು ಬೇಡ, ಮೋಡ ನೋಡಿಯೇ ಕೀಳಬೇಕು. ಸ್ಟೆಬಿಲೈಜರ್ ಸಿಡಿಲಿಗೆ ಅಡ್ಡ ಬರುವುದಿಲ್ಲ. ಸ್ಪೈಕ್ ಗಾರ್ಡ್ ಒಂದಿಷ್ಟು ತಡೆಯುತ್ತದೆ, ಅದಕ್ಕೂ ಒಳ್ಳೆಯ ಅರ್ಥಿಂಗ್ ಬೇಕು. ನಮ್ಮ ಜಂಬುಮಣ್ಣು ಬೇಸಿಗೆಗೆ ಪೂರ್ತಿ ಒಣಗುತ್ತದೆ, ಅಂದರೆ ವರ್ಷದ ಮೊದಲ ಸಿಡಿಲು ಬರುವ ಹೊತ್ತಿಗೇ ಅರ್ಥಿಂಗ್ ಅತ್ಯಂತ ದುರ್ಬಲ. ಎರಡೂವರೆ ಮೀಟರ್ ಪೈಪು ಹೂತ ಆ ಗುಂಡಿಗೆ ಮಾರ್ಚ್ ತಿಂಗಳಿಂದಲೇ ವಾರಕ್ಕೆರಡು ಕೊಡ ನೀರು ಹಾಕಬೇಕು.

ಎಲ್ಲ ಮುಗಿದು ಟಿವಿ ಏರಿಸುವ ಮೊದಲು, ಗೋಡೆಯ ಪಟ್ಟಿಯ ಹಿಂದೆ ಮರೆಯಾಗುವ ಜಾಗದಲ್ಲಿ ಪೆನ್ಸಿಲಿನಲ್ಲಿ ನಾಲ್ಕು ಮಾತು ಬರೆದಿಡಿ: ಗಾರೆ ಎಷ್ಟು, ಕಲ್ಲು ಯಾವುದು, ಪ್ಲಗ್ಗಿನ ಅಳತೆ, ಎಡಗಡೆ ಮೂರನೇ ತೂತಿನಲ್ಲಿ ಗುಳಿ ಸಿಕ್ಕಿತ್ತು, ಹಾಕಿದ ತಾರೀಖು. ಮುಂದಿನ ಟಿವಿ ಇದಕ್ಕಿಂತ ದೊಡ್ಡದೇ ಬರುತ್ತದೆ, ಆಗ ಕೊರೆಯುವವರು ಬೇರೆ ಯಾರೋ ಆಗಿರುತ್ತಾರೆ. ಆಮೇಲೆ ಕೆಳಗಿನ ಹಲಗೆಯ ಮೇಲೆ ಒಂದು ಬಿಳಿ ಕಾಗದ ಹಾಸಿ, ಮೊದಲ ಮಳೆಗಾಲ ಕಳೆಯುವವರೆಗೆ ಹಾಗೇ ಬಿಡಿ.